ಅಟ್ಟದ ಮೇಲಿನ ಮದುವೆ

ನಮ್ಮ ಮದುವೆ ಅಟ್ಟ ಹತ್ತಿ ಕೂತಿದೆ ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಿರುತ್ತಾಳೆ. ಹೊಸಬರು ಗಾಬರಿಯಾಗಿ ನನ್ನ ಮುಖ ನೋಡುತ್ತಾರೆ. ಅವಳು ಹೇಳುವುದು ಕ್ಯಾಸೆಟ್ಟಿನ ವಿಚಾರ. 1994ರ ಮೇ ತಿಂಗಳಲ್ಲಿ ಹಳೇಬೀಡಿನ ನಮ್ಮ ಮನೆ ಮುಂದಿನ ಚಪ್ಪರದಲ್ಲಿ ನಡೆದ ಮದುವೆ ಮೂರು ವಿಡಿಯೋ ಕ್ಯಾಸೆಟ್ಟುಗಳಾಗಿ ತಗಡಿನ ಟ್ರಂಕು ಸೇರಿತ್ತು. ಜೊತೆಗೆ ಅಪ್ಪನ ಉಣ್ಣೆ ಕೋಟು, ನುಸಿ ಗುಳಿಗೆ, ಕಿವಿ ಹೋದ ಒಂದು ಹಿತ್ತಾಳೆ ಪಾತ್ರೆ. ಎರಡು ಕ್ಯಾಸೆಟ್ಟಿನ ಬೆನ್ನ ಮೇಲೆ 'ಮದುವೆ-1', 'ಮದುವೆ-2' ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದಿತ್ತು. ಮೂರನೆಯದಕ್ಕೆ ಚೀಟಿಯೇ ಇರಲಿಲ್ಲ. ಈ ಹರಟೆಯ ದುಃಖವೆಲ್ಲ ಆ ಚೀಟಿ ಇಲ್ಲದ ಕ್ಯಾಸೆಟ್ಟಿನಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಟ್ರಂಕು ಇಳಿದದ್ದು ಮಗಳಿಂದ. ಮದುವೆಗೆ ಮೂವತ್ತು ವರ್ಷ ತುಂಬಿತು, ಏನಾದರೂ ಮಾಡಬೇಕು ಎಂದು ಅವಳು ಬೆಂಗಳೂರಿನಿಂದ ಫೋನು ಮಾಡಿದಳು. "ಅಪ್ಪಾ, ಆ ಕ್ಯಾಸೆಟ್ಟನ್ನ ಕಂಪ್ಯೂಟರಿಗೆ ಹಾಕಿಕೊಟ್ಟುಬಿಡು. ನಾನು ಕಟ್ ಮಾಡಿ ಎರಡು ನಿಮಿಷದ್ದು ಮಾಡ್ತೀನಿ." ಚಪ್ಪರದ ಶಾಸ್ತ್ರದಿಂದ ಬೀಗರೂಟದವರೆಗೆ ಮೂರು ದಿನ ನಡೆದ ಮದುವೆ ಅದು. ಅಪ್ಪ ಅದರ ಸಾಲ ತೀರಿಸಲು ಮೂರು ವರ್ಷ ತೆಗೆದುಕೊಂಡ. ಮಗಳಿಗೆ ಎರಡು ನಿಮಿಷ ಸಾಕಂತೆ. ಆಗಲಿ ಎಂದೆ. ಪೆನ್‌ಡ್ರೈವಿನಿಂದ ಫೋಟೋ ಇಳಿಸಿದ ಹಾಗೆ ಇದೂ ಒಂದು ಸಂಜೆಯ ಕೆಲಸ ಎಂದುಕೊಂಡಿದ್ದೆ. ಮುಗಿಯುವ ಹೊತ್ತಿಗೆ ಎರಡು ತಿಂಗಳಾಗಿತ್ತು.

ಈಗಿನ ಹುಡುಗರಿಗೆ ಹೇಳಬೇಕು, ಆಗ ವಿಡಿಯೋ ಎಂದರೆ ಅದೊಂದು ವೈಭವ. 1987ರ ಜನವರಿ 25ರಂದು ದೂರದರ್ಶನದಲ್ಲಿ ರಾಮಾಯಣ ಶುರುವಾದ ಮೇಲೆ ಭಾನುವಾರ ಬೆಳಿಗ್ಗೆ ಟಿವಿ ಇದ್ದವರ ಮನೆ ಮುಂದೆ ಚಪ್ಪಲಿಯ ರಾಶಿ. ಅದರ ಹಿಂದೆಯೇ ಬಂದದ್ದು ವಿಡಿಯೋ ಕ್ಯಾಸೆಟ್ಟು ಹಾಕಿ ತೋರಿಸುವ ಬಾಡಿಗೆ ವಿಸಿಪಿ. ಹಬ್ಬಕ್ಕೋ ಗಣಪತಿ ಕೂರಿಸಿದಾಗಲೋ ಕಲರ್ ಟಿವಿ, ವಿಸಿಪಿ, ಮೂರು ಕ್ಯಾಸೆಟ್ಟು, ಜೊತೆಗೊಬ್ಬ ಆಪರೇಟರ್, ಎಲ್ಲ ಸೇರಿ ಒಂದು ರಾತ್ರಿಗೆ ಇಷ್ಟು ಎಂದು ಮಾತಾಡಿ ತರುತ್ತಿದ್ದೆವು. ಮೊದಲ ಪಿಚ್ಚರು ಭಕ್ತಿಯದು, ಮುದುಕರಿಗೆ. ಎರಡನೆಯದು ರಾಜಕುಮಾರ್, ಎಲ್ಲರಿಗೂ. ಮೂರನೆಯದು ಹೊಡೆದಾಟದ್ದು, ಎಚ್ಚರ ಇದ್ದವರಿಗೆ. ನಡುವೆ ಕರೆಂಟು ಹೋದರೆ ಕ್ಯಾಸೆಟ್ಟು ಮೆಷಿನ್ನಿನ ಹೊಟ್ಟೆಯಲ್ಲೇ ಉಳಿಯುತ್ತಿತ್ತು. ಕರೆಂಟು ಬಂದ ಮೇಲೆ ಚಿತ್ರ ಮಸುಕಾದರೆ ಆಪರೇಟರ್ ಜೇಬಿನಿಂದ ಗರಿಗರಿಯಾದ ಹತ್ತು ರೂಪಾಯಿ ನೋಟು ತೆಗೆದು, ಮುಚ್ಚಳ ಬಿಚ್ಚಿ, ಟೇಪು ಓದುವ ಹೆಡ್ಡಿಗೆ ಉಜ್ಜುತ್ತಿದ್ದ. ಚಿತ್ರ ಸರಿಯಾಗುತ್ತಿತ್ತು. ದುಡ್ಡಿದ್ದರೆ ಏನು ಬೇಕಾದರೂ ಸರಿಯಾಗುತ್ತದೆ ಎಂಬ ಲೋಕನೀತಿಯನ್ನು ನಾನು ಕಲಿತದ್ದು ಅಲ್ಲೇ.

ಅಂಥ ಕಾಲದಲ್ಲಿ ಮದುವೆಗೆ 'ವಿಡಿಯೋ ಕವರೇಜ್' ಮಾಡಿಸುವುದೆಂದರೆ ಆನೆ ತರಿಸಿದಂತೆ. ಹಾಸನದಿಂದ ಬಂದ ವಿಡಿಯೋದವನು ಮಣ್ಣಿನ ಮೂಟೆ ಹೊತ್ತಂತೆ ಕ್ಯಾಮೆರಾವನ್ನು ಹೆಗಲ ಮೇಲೆ ಹೊತ್ತಿದ್ದ. ಇಡೀ ಕ್ಯಾಸೆಟ್ಟು ಅದರ ಪಕ್ಕೆಯೊಳಕ್ಕೇ ಹೋಗುತ್ತಿತ್ತು. ಅವನ ಹಿಂದೆ ಮಾರುದ್ದ ವೈರು ಎಳೆದುಕೊಂಡು ಲೈಟ್ ಹುಡುಗ. ಆ ಹ್ಯಾಲೋಜನ್ ಲೈಟು ಯಾರ ಮೇಲೆ ಬಿತ್ತೋ ಅವರು ಗಣ್ಯರು. ಬಿದ್ದ ತಕ್ಷಣ ಗಣ್ಯರು ಬೆವರುತ್ತಿದ್ದರು, ಕಣ್ಣು ಕಿರಿದು ಮಾಡುತ್ತಿದ್ದರು, ಅಗಿಯುತ್ತಿದ್ದ ಹೋಳಿಗೆಯನ್ನು ನುಂಗದೆ ಹಾಗೇ ಬಾಯಲ್ಲಿಟ್ಟುಕೊಂಡು ಫೋಟೋಕ್ಕೆ ನಿಂತಂತೆ ನಿಲ್ಲುತ್ತಿದ್ದರು. ಚಿತ್ರ ಚಲಿಸುತ್ತದೆ, ನಾವೂ ಚಲಿಸಬಹುದು ಎಂಬುದು ನಮ್ಮ ಊರಿಗೆ ಇನ್ನೂ ತಿಳಿದಿರಲಿಲ್ಲ.

ಮಾರನೇ ದಿನ 'ಔಟ್‌ಡೋರ್'. ಹಳೇಬೀಡಿನವರಿಗೆ ಔಟ್‌ಡೋರ್ ಎಂದರೆ ಎಲ್ಲಿಗೆ ಹೋಗಬೇಕು? ಹೊಯ್ಸಳೇಶ್ವರ ದೇವಸ್ಥಾನ ಇದೆಯಲ್ಲ! ನಮ್ಮಿಬ್ಬರನ್ನು ನಂದಿ ಮಂಟಪದ ಮುಂದೆ ನಡೆಸಿ, ದ್ವಾರಸಮುದ್ರದ ಕೆರೆ ಕಡೆ ನೋಡಿಸಿ, ಪುನಃ ನಡೆಸಿ, ಕೊನೆಗೆ ನಮ್ಮನ್ನು ಬಿಟ್ಟು ವಿಡಿಯೋದವನು ಗೋಡೆಯ ಕಲ್ಲಿನ ಆನೆಗಳನ್ನು ಹಿಡಿಯಲು ಹೋದ. ಜೂಮ್ ಒಳಗೆ, ಜೂಮ್ ಹೊರಗೆ. 'ಮದುವೆ-2'ರಲ್ಲಿ ಹತ್ತು ನಿಮಿಷ ಬರೀ ಆನೆ. ಇಷ್ಟು ಆನೆ ಬಂದ ಮದುವೆ ರಾಜರದ್ದೂ ಇರಲಾರದು.

ಆನೆಯ ಮಾತು ಬಂತಲ್ಲ, ಒಂದು ಲೆಕ್ಕ ಹೇಳುತ್ತೇನೆ. ದೇವಸ್ಥಾನದ ಕೆಳಸಾಲಿನ ಆನೆಗಳನ್ನು ಹತ್ತೊಂಬತ್ತನೇ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ಎಂಬ ವಾಸ್ತುಶಿಲ್ಪದ ಇತಿಹಾಸಕಾರ ಲೆಕ್ಕ ಹಾಕಿದ್ದ. ಗೋಡೆಯ ಮೂಲೆ ಮುರುಕನ್ನೆಲ್ಲ ಬಳಸಿಕೊಂಡು ಸಾಲಿನ ಉದ್ದ ಸುಮಾರು 710 ಅಡಿ, ಅದರಲ್ಲಿ ಎರಡು ಸಾವಿರಕ್ಕೆ ಕಡಿಮೆಯಿಲ್ಲದ ಆನೆ. ಅಡಿಯನ್ನು ಮೀಟರಿಗೆ ಇಳಿಸಿದರೆ 216. ಮೂರು ಗಂಟೆಯ ಒಂದು ವಿಎಚ್‌ಎಸ್ ಕ್ಯಾಸೆಟ್ಟಿನೊಳಗೆ ಸುತ್ತಿರುವ ಟೇಪಿನ ಉದ್ದ ಸುಮಾರು 258 ಮೀಟರ್. ನಮ್ಮ ಮದುವೆಯನ್ನು ಬಿಚ್ಚಿ ಹಾಸಿದರೆ ಹೊಯ್ಸಳೇಶ್ವರನಿಗೆ ಒಂದು ಸುತ್ತು ಬಂದು, ಇನ್ನೂ ನಲವತ್ತು ಮೀಟರ್ ಮಿಕ್ಕಿ ಕೆರೆ ಕಡೆಗೆ ಹೊರಡುತ್ತದೆ. ಸೆಕೆಂಡಿಗೆ 25ರ ಹಾಗೆ ಮೂರು ಗಂಟೆಗೆ 2,70,000 ಚಿತ್ರ. ಅದೂ ಎಷ್ಟು ಅಗಲದ ಪಟ್ಟಿಯ ಮೇಲೆ? ಅರ್ಧ ಇಂಚು. ಪ್ಲಾಸ್ಟಿಕ್ ಪಟ್ಟಿಗೆ ಕಬ್ಬಿಣದ ತುಕ್ಕಿನಂಥ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ಆ ಪುಡಿಯ ಕಾಂತತೆಯೇ ನಮ್ಮ ಮದುವೆ.

ಹೊಯ್ಸಳರಿಗೆ ಬಳಪದ ಕಲ್ಲು ಸಿಕ್ಕಿತ್ತು. ಕಡಿಯುವಾಗ ಮೆತ್ತಗೆ, ಗಾಳಿಗೆ ಬಿಟ್ಟಷ್ಟೂ ಗಟ್ಟಿ. ನಮಗೆ ಸಿಕ್ಕಿದ್ದು ಅದರ ತಿರುಗುಮುರುಗು. ಟೇಪಿನ ಅಂಟು ಗಾಳಿಯ ತೇವ ಕುಡಿದಷ್ಟೂ ಸಡಿಲವಾಗುತ್ತದೆ. ಟ್ರಂಕು ತೆಗೆದು ಕ್ಯಾಸೆಟ್ಟಿನ ಪಕ್ಕದ ಗುಂಡಿ ಒತ್ತಿ ಮುಚ್ಚಳ ಎತ್ತಿದಾಗ ನನಗೆ ಕಂಡದ್ದು ಬೂಷ್ಟು. ಸುರುಳಿಯ ಅಂಚಿನ ಮೇಲೆ ಉಪ್ಪು ಉದುರಿಸಿದ ಹಾಗೆ ಬೆಳ್ಳಗೆ. ಕೆರೆ ಪಕ್ಕದ ಊರು, ಮುಂಗಾರಿನಲ್ಲಿ ಉಪ್ಪಿನಕಾಯಿಗೇ ಬೂಷ್ಟು ಬರುವ ಮನೆ, ಮದುವೆಯನ್ನು ಬಿಡುತ್ತದೆಯೇ? "ನಮ್ಮ ಮದುವೆಗೆ ಬೂಷ್ಟು ಬಂದಿದೆ ಕಣೇ" ಎಂದೆ. "ಈಗ ಗೊತ್ತಾಯ್ತಾ?" ಎಂದಳು ಅಡುಗೆಮನೆಯಿಂದ.

ಕ್ಯಾಸೆಟ್ಟು ಇತ್ತು, ಮೆಷಿನ್ ಇರಲಿಲ್ಲ. ಚಿಕ್ಕಪ್ಪನ ವಿಸಿಆರ್ ಯಾವತ್ತೋ ಗುಜರಿಗೆ ಹೋಗಿತ್ತು. ಹೊಸದು ಕೊಳ್ಳೋಣ ಎಂದರೆ ಭೂಮಿಯ ಮೇಲೆ ಯಾರೂ ಮಾಡುತ್ತಿಲ್ಲ. ಜಪಾನಿನ ಜೆವಿಸಿ ಕಂಪನಿ ವಿಎಚ್‌ಎಸ್ ಅನ್ನು ಮಾರುಕಟ್ಟೆಗೆ ತಂದದ್ದು 1976ರಲ್ಲಿ. ಎಲ್ಲರೂ ಕೈಬಿಟ್ಟ ಮೇಲೂ ವಿಸಿಆರ್ ಮಾಡುತ್ತಿದ್ದ ಫುನಾಯ್ ಎಂಬ ಜಪಾನಿನದೇ ಕಂಪನಿ 2016ರ ಜುಲೈನಲ್ಲಿ ನಿಲ್ಲಿಸಿತು. ನಲವತ್ತು ವರ್ಷ, ಮುಗಿಯಿತು. ಅಂದರೆ ಲೋಕದಲ್ಲಿ ಈಗ ಎಷ್ಟು ವಿಸಿಆರ್ ಉಳಿದಿವೆಯೋ ಅಷ್ಟೇ. ದಿನಕ್ಕೊಂದಿಷ್ಟು ಸಾಯುತ್ತವೆ, ಒಂದೂ ಹುಟ್ಟುವುದಿಲ್ಲ.

ಹಾಸನದಲ್ಲಿ ವಿಚಾರಿಸಿದೆ, ಬೇಲೂರಿನಲ್ಲಿ ವಿಚಾರಿಸಿದೆ, ನಕ್ಕರು. ಕೊನೆಗೆ ಸಿಕ್ಕಿದ್ದು ಅರಸೀಕೆರೆಯಲ್ಲಿ. ರೈಲು ಜಂಕ್ಷನ್ನಿನ ಊರಲ್ಲವೇ, ಎಲ್ಲಿಯದೋ ಒಂದು ಬಂದು ನಿಂತಿರುತ್ತದೆ. ಕೊಬ್ಬರಿ ಮೂಟೆಯ ವಾಸನೆ ಹೊಡೆಯುವ ಬೀದಿಯಲ್ಲಿ ಒಂದು ರಿಪೇರಿ ಅಂಗಡಿ. ಮಿಕ್ಸಿ, ಟೇಬಲ್ ಫ್ಯಾನುಗಳ ಹಿಂದೆ ಧೂಳು ಹೊದ್ದು ಕೂತಿದ್ದ ವಿಸಿಆರ್ ಅನ್ನು ಯಜಮಾನರು ಎರಡು ಕೈಯಲ್ಲಿ ಎತ್ತಿ ತಂದರು.

"ಮೆಷಿನ್ ಐತೆ ಸಾರ್, ಬೆಲ್ಟ್ ಇಲ್ಲ. ಬೆಲ್ಟ್ ಇದ್ದಿದ್ರೆ ಮೆಷಿನ್ ಇರ್ತಿರ್ಲಿಲ್ಲ, ಯಾವತ್ತೋ ಮಾರ್ಬಿಟ್ಟಿರ್ತಿದ್ದೆ."

ಬೆಲ್ಟು ಬೆಂಗಳೂರಿನ ಎಸ್.ಪಿ. ರೋಡಿನಿಂದ ಬರಲು ಒಂದು ವಾರ. ಅಷ್ಟರಲ್ಲಿ ನಾನು ಹತ್ತು ರೂಪಾಯಿ ನೋಟಿನ ಕತೆ ಹೇಳಿ ಅವರಿಂದ ಬೈಸಿಕೊಂಡೆ. ಹೆಡ್ಡಿಗೆ ನೋಟು ಉಜ್ಜುವುದೆಂದರೆ ಕಣ್ಣುಗುಡ್ಡೆಗೆ ಉಪ್ಪುಕಾಗದ ಉಜ್ಜಿದಂತಂತೆ. ಅವರು ಮುಚ್ಚಳ ಬಿಚ್ಚಿ ತೋರಿಸಿದರು. ಒಳಗೆ ಓರೆಯಾಗಿ ಕೂತ, ಕನ್ನಡಿಯಂತೆ ಹೊಳೆಯುವ ಅಲ್ಯೂಮಿನಿಯಂ ಡ್ರಮ್ಮು, ಒಂದು ಸಣ್ಣ ಟೀ ಲೋಟದ ಬಾಯಿಯಷ್ಟು ಅಗಲ. ಅದರ ಅಂಚಿನಲ್ಲಿ ಕಣ್ಣಿಗೆ ಕಂಡೂ ಕಾಣದ ಹಾಗೆ ಎರಡು ಹೆಡ್ಡು. ಟೇಪು ಆಮೆಯಂತೆ ಸೆಕೆಂಡಿಗೆ ಎರಡೂವರೆ ಸೆಂಟಿಮೀಟರನ್ನೂ ದಾಟದ ವೇಗದಲ್ಲಿ ಸಾಗಿದರೆ ಡ್ರಮ್ಮು ಸೆಕೆಂಡಿಗೆ 25 ಸುತ್ತು ತಿರುಗಿ ಅದರ ಮೇಲೆ ಓರೆ ಗೆರೆಗಳನ್ನು ಓದುತ್ತದೆ. ಯಜಮಾನರು ಮೆತ್ತನೆಯ ಚರ್ಮದ ಚೂರಿಗೆ ಸ್ಪಿರಿಟ್ಟು ಹಾಕಿ, ಡ್ರಮ್ಮಿಗೆ ಆನಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಡ್ರಮ್ಮನ್ನೇ ಮೆಲ್ಲಗೆ ತಿರುಗಿಸಿದರು. ಚರ್ಮ ಕಪ್ಪಗಾಯಿತು. "ಮೇಲೆ ಕೆಳಗೆ ಉಜ್ಜಿದ್ರೆ ಹೆಡ್ಡು ಮುರೀತು ಅಂತ್ಲೇ ತಿಳ್ಕಳಿ" ಎಂದರು.

ಬೂಷ್ಟಿನ ಕ್ಯಾಸೆಟ್ಟನ್ನು ಮಾತ್ರ ಅವರು ಮೆಷಿನ್ನಿನ ಹತ್ತಿರ ತರಲೂ ಬಿಡಲಿಲ್ಲ. ಒಂದು ಸಲ ಒಳಗೆ ಹೋದರೆ ಬೂಷ್ಟು ಡ್ರಮ್ಮಿಗೆ ಮೆತ್ತಿ, ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಅದಕ್ಕವರು ಹೇಳಿದ ಮದ್ದು ಸರಳ. ಡಬ್ಬಿಯೊಳಗೆ ಕ್ಯಾಸೆಟ್ಟಿಟ್ಟು, ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ 'ತಿನ್ನಬೇಡಿ' ಎಂದು ಬರೆದ ಪೊಟ್ಟಣಗಳನ್ನು ಹಾಕಿ, ಹತ್ತು ದಿನ ಮುಚ್ಚಿಡಬೇಕು. ಬಿಸಿಲಿಗೆ ಇಡಕೂಡದು. ಬೂಷ್ಟು ಒಣಗಿ ಪುಡಿಯಾದ ಮೇಲೆ ಐದು ಸ್ಕ್ರೂ ಬಿಚ್ಚಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೊರಗೆ ಕೂತು ಮೆತ್ತನೆ ಬ್ರಷ್ಷಿನಲ್ಲಿ ಒರೆಸಬೇಕು. ಕೊರೊನಾ ಕಾಲದ ಮಾಸ್ಕು ಮನೆಯಲ್ಲಿ ಮಿಕ್ಕಿತ್ತು. ಜಗಲಿಯ ಮೇಲೆ ಮಾಸ್ಕು ಹಾಕಿಕೊಂಡು ಕೂತು ನನ್ನ ಮದುವೆಯನ್ನು ಗುಡಿಸುತ್ತಿದ್ದ ನನ್ನನ್ನು ನೋಡಿ ದಾರಿಹೋಕರು ಏನೆಂದುಕೊಂಡರೋ!

ಮುಂದಿನದು ಕಂಪ್ಯೂಟರಿನ ಕೆಲಸ. ವಿಸಿಆರಿನ ಹಿಂದೆ ಮೂರು ತೂತು. ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಸದ್ದಿಗೆ. ಅಲ್ಲಿಂದ ವೈರು ಹೊರಟು ಬೆರಳುದ್ದದ ಒಂದು ಯುಎಸ್‌ಬಿ ಕಡ್ಡಿಗೆ, ಕಡ್ಡಿ ಕಂಪ್ಯೂಟರಿಗೆ. ರೆಕಾರ್ಡ್ ಮಾಡಲು ಓಬಿಎಸ್, ಕತ್ತರಿಸಲು ಶಾಟ್‌ಕಟ್, ಎರಡೂ ಪುಕ್ಕಟೆ. ಎಲ್ಲ ಹೊಂದಿಸಿ ಪ್ಲೇ ಒತ್ತಿದೆ. ಆಮೇಲೆ ಗೊತ್ತಾದದ್ದು, ಇಲ್ಲಿ ಅವಸರಕ್ಕೆ ಜಾಗವೇ ಇಲ್ಲ. ಮೂರು ಗಂಟೆಯ ಸಿನಿಮಾ ಪೆನ್‌ಡ್ರೈವಿನಿಂದ ಮೂರು ನಿಮಿಷದಲ್ಲಿ ಇಳಿಯಬಹುದು. ಮೂರು ಗಂಟೆಯ ಕ್ಯಾಸೆಟ್ಟು ಇಳಿಯಲು ಮೂರು ಗಂಟೆಯೇ ಬೇಕು. ದೇವಸ್ಥಾನದ ಗೋಡೆಯ ರಾಮಾಯಣ ಮಹಾಭಾರತವೂ ಹಾಗೆಯೇ ಅಲ್ಲವೇ. ಪ್ರದಕ್ಷಿಣೆ ಹಾಕುತ್ತ ಒಂದೊಂದೇ ಹೆಜ್ಜೆಗೆ ಓದಿಕೊಳ್ಳಬೇಕು. ಬಸ್ಸಿಗೆ ಹೊತ್ತಾಯಿತೆಂದು ಓಡುವ ಪ್ರವಾಸಿಗೆ ಸಿಗುವುದು ಕಲ್ಲು ಮಾತ್ರ.

ಹೀಗಾಗಿ ನಾನು ಮದುವೆಯನ್ನು ಇನ್ನೊಮ್ಮೆ ಪೂರ್ತಿ ಕೂತು ನೋಡಬೇಕಾಯಿತು. ಮೊದಲ ಸಲ ನನಗೆ ಏನೂ ಕಂಡಿರಲಿಲ್ಲ, ಬಾಸಿಂಗ ಅಡ್ಡ ಬರುತ್ತಿತ್ತು.

ಮೊದಲ ದಿನವೇ ಮಗಳು ಫೋನಿನಲ್ಲಿ ಗಲಾಟೆ ಮಾಡಿದಳು. ಕಳಿಸಿದ ತುಣುಕಿನಲ್ಲಿ ಎಲ್ಲರೂ ದಪ್ಪ. ಹಳೆಯ ಚಿತ್ರದ ಅಳತೆ ನಾಲ್ಕಕ್ಕೆ ಮೂರು, ಈಗಿನ ಪರದೆ ಹದಿನಾರಕ್ಕೆ ಒಂಬತ್ತು. ನಾನು ಪರದೆ ತುಂಬಲಿ ಎಂದು ಎಳೆದುಬಿಟ್ಟಿದ್ದೆ. ನಮ್ಮ ಸೋದರಮಾವ ಆಗ ಬಡಕಲಾಗಿದ್ದರು, ನಾನು ಎಳೆದ ಮೇಲೆ ಈಗಿರುವಷ್ಟೇ ಆದರು. ಎರಡನೇ ತಕರಾರು, ಅಕ್ಷತೆ ಹಾಕುವ ಕೈಗಳಿಗೆಲ್ಲ ಬಾಚಣಿಗೆಯ ಹಲ್ಲು. ಇದಕ್ಕೆ ಕಾರಣ ಸ್ವಾರಸ್ಯವಾಗಿದೆ. ಹಳೆಯ ಟಿವಿ ಒಂದು ಚಿತ್ರವನ್ನು ಒಟ್ಟಿಗೆ ಬರೆಯುತ್ತಿರಲಿಲ್ಲ. ಮೊದಲು ಬೆಸ ಗೆರೆಗಳು, ಐವತ್ತರಲ್ಲಿ ಒಂದು ಸೆಕೆಂಡು ಕಳೆದು ಸಮ ಗೆರೆಗಳು. ಅಷ್ಟರಲ್ಲಿ ಕೈ ಮುಂದೆ ಹೋಗಿರುತ್ತದೆ. ಟಿವಿಯಲ್ಲಿ ಕಣ್ಣು ಮೋಸ ಹೋಗುತ್ತಿತ್ತು. ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ತೋರಿಸಿ ಗುಟ್ಟು ರಟ್ಟು ಮಾಡುತ್ತದೆ. ಇದನ್ನು ಸರಿಮಾಡುವುದಕ್ಕೆ 'ಡಿಇಂಟರ್ಲೇಸ್' ಎನ್ನುತ್ತಾರೆ. ಎರಡೂ ಸಾಲುಗಳನ್ನು ಬೇರೆ ಮಾಡಿ, ನಡುವಿನ ಗೆರೆ ತುಂಬಿಸಿ, ಸೆಕೆಂಡಿಗೆ 50 ಚಿತ್ರ ಮಾಡಿದರೆ ಅಕ್ಷತೆ ಎಣ್ಣೆ ಸುರಿದ ಹಾಗೆ ನಯವಾಗಿ ಬೀಳುತ್ತದೆ. ಮೂರನೆಯದು, ಚಿತ್ರದ ಬುಡದಲ್ಲಿ ಒಂದು ಚೂರು ಸದಾ ಕುದಿಯುತ್ತಿತ್ತು. ಒಂದು ಹೆಡ್ಡು ಬಿಟ್ಟು ಇನ್ನೊಂದು ಹಿಡಿಯುವ ಜಾಗ ಅದು. ಹಳೇ ಟಿವಿಯ ಚೌಕಟ್ಟು ಅದನ್ನು ಮುಚ್ಚಿಕೊಳ್ಳುತ್ತಿತ್ತು. ಟೇಪಿನ ತಪ್ಪಲ್ಲ, ಕಪ್ಪು ಪಟ್ಟಿ ಬಳಿದರೆ ಸಾಕು.

ನಾಲ್ಕನೆಯದು ಪುರೋಹಿತರದು. ಅವರು ಬಾಯಿ ಮುಚ್ಚಿದ ಮೇಲೆ ಮಂತ್ರ ಬರುತ್ತಿತ್ತು. ಹಳೇ ಟೇಪಿನ ಚಿತ್ರ ಒಂದೇ ಸಮ ಬರುವುದಿಲ್ಲ, ಜೋಲಿ ಹೊಡೆಯುತ್ತ ಬರುತ್ತದೆ. ಅಗ್ಗದ ಕಡ್ಡಿಗೆ ಅದು ಅರ್ಥವಾಗದೆ ಕೆಲವು ಚಿತ್ರಗಳನ್ನು ಬಿಟ್ಟುಬಿಡುತ್ತದೆ, ಸದ್ದನ್ನು ಬಿಡುವುದಿಲ್ಲ. ಗಂಟೆ ಕಳೆಯುವಷ್ಟರಲ್ಲಿ ತಾಳ ತಪ್ಪುತ್ತದೆ. ಅರಸೀಕೆರೆಯವರು ಫೋನಿನಲ್ಲೇ ಉಪಾಯ ಹೇಳಿಕೊಟ್ಟರು. ನಡುವೆ ಒಂದು ಹಳೇ ಡಿವಿಡಿ ರೆಕಾರ್ಡರ್ ಇಟ್ಟು ಅದರ ಮೂಲಕ ಹಾಯಿಸಿದರೆ, ಕೆಲವು ಮಾಡೆಲ್ಲುಗಳು ಜೋಲಿಯನ್ನು ನೆಟ್ಟಗೆ ಮಾಡಿ ಮುಂದಕ್ಕೆ ಕೊಡುತ್ತವೆ. ಮೂಲೆಯಲ್ಲಿದ್ದದ್ದನ್ನು ಒಂದು ತಿಂಗಳಿಗೆಂದು ಅವರೇ ಕೊಟ್ಟರು. ಆಮೇಲೆ ಪುರೋಹಿತರೂ ಮಂತ್ರವೂ ಒಂದಾದರು.

ಈ ಎರಡು ಕ್ಯಾಸೆಟ್ಟಿನಲ್ಲೂ ಒಂದು ಕೊರತೆ ಇತ್ತು. ಆ ಕಾಲದ ಸ್ಟುಡಿಯೋದವರು 'ಮಿಕ್ಸಿಂಗ್' ಎಂದು ಮಾಡುತ್ತಿದ್ದರಲ್ಲ, ಹೃದಯದ ಆಕಾರದೊಳಗೆ ವರ, ತಾವರೆಯೊಳಗಿಂದ ವಧು, ಪುಟ ತಿರುಗಿದಂತೆ ಮಾವ. ಅದರ ಜೊತೆಗೆ ಇದ್ದ ಸದ್ದನ್ನೆಲ್ಲ ಅಳಿಸಿ ಮೇಲೆ ಸಿನಿಮಾ ಹಾಡು ಹಾಕುತ್ತಿದ್ದರು. ನಮ್ಮ ಧಾರೆಯ ಹೊತ್ತಿನ ಗಟ್ಟಿಮೇಳ ಹೋಗಿ ಅಲ್ಲಿ ಒಂದು ಡ್ಯುಯೆಟ್ ಕೂತಿದೆ. ಅಮ್ಮ ಕಣ್ಣೊರೆಸಿಕೊಳ್ಳುತ್ತ ಏನೋ ಹೇಳುತ್ತಾಳೆ, ಬಾಯಿ ಆಡುತ್ತದೆ, ಕೇಳುವುದು ಸಿನಿಮಾದವರ ದನಿ. 2005ರ ಸುಮಾರಿಗೆ ಇದನ್ನೇ ಒಬ್ಬರಿಗೆ ಕೊಟ್ಟು ಸಿಡಿ ಮಾಡಿಸಿದ್ದೆವು. ಅವರು ಇನ್ನೂ ಚೊಕ್ಕ ಮಾಡಿ ಒಂದು ಗಂಟೆಗೆ ಇಳಿಸಿದ್ದರು. ವಿಸಿಡಿಯಲ್ಲಿ ಚಿತ್ರದ ಅಳತೆ 352ಕ್ಕೆ 288 ಚುಕ್ಕಿ, ಈಗ ನಾನು ಟೇಪಿನಿಂದ ಇಳಿಸಿದ್ದು 720ಕ್ಕೆ 576. 'ಸಿಡಿ ಮಾಡಿಸಾಯ್ತಲ್ಲ, ಕ್ಯಾಸೆಟ್ಟು ಯಾಕೆ' ಎಂದು ಆಗಲೇ ಎಸೆದಿದ್ದರೆ ಕತೆ ಮುಗಿದಿತ್ತು. ಎಸೆದವರು ಎಷ್ಟು ಜನರೋ.

ಉಳಿದದ್ದು ಚೀಟಿ ಇಲ್ಲದ ಮೂರನೆಯದು. ಅದು ಮಿಕ್ಸಿಂಗ್ ಆಗದ ಕಚ್ಚಾ ಮಾಲು. ಚಪ್ಪರದ ದಿನದ್ದು, ಬೀಗರೂಟದ್ದು. ಸ್ಟುಡಿಯೋದವನು 'ಇದರಲ್ಲಿ ಏನೂ ಇಲ್ಲ ಬಿಡಿ' ಎಂದು ಹಾಗೇ ಕೊಟ್ಟಿದ್ದ. ಹಾಕಿದೆ. ತೊಂಡೆ ಚಪ್ಪರದ ನೆರಳು, ಈಳಿಗೆಯ ಮುಂದೆ ಕೂತ ಹೆಂಗಸರು, ತೆಂಗಿನಕಾಯಿ ತುರಿಯುವ ಸದ್ದು, ನಾಯಿ ಬೊಗಳಿದ್ದು, ಯಾರೋ ಯಾರನ್ನೋ "ಏಯ್, ಆ ಕೊಳದಪ್ಪಲೆ ತಗಂಬಾರೋ" ಎಂದು ಕೂಗಿದ್ದು, ಎಲ್ಲ ಕೇಳಿಸುತ್ತಿದೆ! ಹೆಂಡತಿ ಒಲೆ ಆರಿಸಿ ಬಂದು ಕೂತಳು. ಹಸೆಯ ಮುಂದೆ ಅಜ್ಜಿ ಬಂದಳು. ನನ್ನಜ್ಜಿ ಸೋಬಾನೆ ಹೇಳುತ್ತಾಳೆಂದರೆ ಹುಲಿಕೆರೆ, ಪುಷ್ಪಗಿರಿ ಕಡೆಯವರೂ ಮದುವೆಗೆ ಕರೆದೊಯ್ಯುತ್ತಿದ್ದರು. ಸೆರಗು ಹೊದ್ದಳು, ಕೆಮ್ಮಿದಳು, ಎತ್ತಿಕೊಂಡಳು. ಒಂದು ಸಾಲು. ಹಿಂದಿನವರು ಸೇರಿಸಿದರು. ಎರಡನೇ ಸಾಲು. ಮೂರನೆಯದರ ನಡುವೆ ಪರದೆಯ ಮೇಲೆ ಒಂದು ಬಿಳಿ ಗೆರೆ ಹಾದುಹೋಯಿತು. ಚಿತ್ರ ನಡುಗಿತು. ರಾಷ್ಟ್ರಪತಿ ಭವನ ಕಾಣಿಸಿತು.

ನಮ್ಮ ಹಾಸನ ಜಿಲ್ಲೆಯ ದೇವೇಗೌಡರು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸುತ್ತಿದ್ದರು. 1996ರ ಜೂನ್ 1.

ಚಿಕ್ಕಪ್ಪ ಆಗ ಹೊಸ ವಿಸಿಆರ್ ತಂದಿದ್ದ. ಹರದನಹಳ್ಳಿಯ ರೈತನ ಮಗ ದೇಶಕ್ಕೆ ಪ್ರಧಾನಿಯಾಗುವ ದಿನ ಯಾರಿಗೆ ತಾನೇ ಕೈ ಸುಮ್ಮನಿರುತ್ತದೆ? ಕೈಗೆ ಸಿಕ್ಕ ಹೆಸರಿಲ್ಲದ ಕ್ಯಾಸೆಟ್ಟು ಹಾಕಿ ರೆಕಾರ್ಡ್ ಒತ್ತಿದ್ದಾನೆ. ಕ್ಯಾಸೆಟ್ಟಿನ ಬೆನ್ನಿನ ತುದಿಯಲ್ಲಿ ಉಗುರಗಲದ ಪ್ಲಾಸ್ಟಿಕ್ಕಿನ ಕಿವಿ ಇರುತ್ತದೆ. ಅದನ್ನು ಮುರಿದಿದ್ದರೆ ಮೆಷಿನ್ನು ಆ ಕ್ಯಾಸೆಟ್ಟಿನ ಮೇಲೆ ರೆಕಾರ್ಡ್ ಮಾಡಲು ಒಪ್ಪುವುದಿಲ್ಲ. 1, 2ನೆಯದರ ಕಿವಿಯನ್ನು ಸ್ಟುಡಿಯೋದವನೇ ಮುರಿದುಕೊಟ್ಟಿದ್ದ. 'ಏನೂ ಇಲ್ಲದ' ಮೂರನೆಯದರ ಕಿವಿ ಹಾಗೇ ಇತ್ತು. ಇಪ್ಪತ್ತೆರಡು ನಿಮಿಷ ದೆಹಲಿ. ಆಮೇಲೆ ಮತ್ತೊಂದು ಬಿಳಿ ಗೆರೆ, ಬೀಗರೂಟದ ಎಲೆ ತೆಗೆಯುತ್ತಿದ್ದಾರೆ. ಟೇಪಿನ ಮೇಲೆ ಒಮ್ಮೆ ಬರೆದದ್ದರ ಮೇಲೆ ಮತ್ತೆ ಬರೆದರೆ ಹಳೆಯದು ಹೋಯಿತೇ. ಯಾವ ಸಾಫ್ಟ್‌ವೇರೂ ಅದನ್ನು ಎತ್ತಿಕೊಡುವುದಿಲ್ಲ. ಚಿಕ್ಕಪ್ಪನಿಗೆ ತೋರಿಸಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಅವತ್ತು ಅಜ್ಜಿ ಇಲ್ಲೇ ಪಕ್ಕದಲ್ಲೇ ಕೂತು ನೋಡಿದ್ಲು ಕಣೋ. ಅವಳು ಇದ್ದಾಳಲ್ಲ ಅಂತ ನಮಗೆ ಹೊಳೀಲೇ ಇಲ್ಲ" ಎಂದ.

ಪೂರ್ತಿ ಕಳೆದುಹೋಗಲಿಲ್ಲ. ಕೊನೆಗೆ, ಟೇಪು ಮುಗಿಯುವ ಮುಂಚೆ, ಕ್ಯಾಮೆರಾದವನು ಲೈಟಿಲ್ಲದೆ ಅಡುಗೆ ಮನೆಗೆ ನುಗ್ಗಿದ್ದಾನೆ. ಕತ್ತಲು. ಒಲೆಯ ಬೆಂಕಿ ಮಾತ್ರ ಕಿತ್ತಳೆ ಬಣ್ಣದ ಕಲೆಯಾಗಿ ಆಡುತ್ತದೆ. ಆ ಕತ್ತಲೊಳಗಿಂದ ಅಜ್ಜಿಯ ದನಿ ಬರುತ್ತದೆ. "ಅಯ್ಯೋ ನನ್ ಮೊಖ ಏನ್ ಹಿಡೀತೀಯೋ ಮಗಾ, ಹೋಗಿ ಗಂಡು ಹೆಣ್ ಹಿಡಿ. ಊಟ ಮಾಡ್ದೇನೋ?" ನಲವತ್ತು ಸೆಕೆಂಡು. ಮಗಳು ಎರಡು ನಿಮಿಷದ ವಿಡಿಯೋ ಮಾಡಿದಳು. ಅದರಲ್ಲಿ ಈ ನಲವತ್ತು ಸೆಕೆಂಡು ಹಾಗೇ ಇದೆ. ಹಾಡು ಹಾಕಲಿಲ್ಲ, ಬೆಳಕು ಹೆಚ್ಚಿಸಲಿಲ್ಲ. ಆನೆ ಒಂದೂ ಇಲ್ಲ.

ಇಲ್ಲಿಂದ ನಮ್ಮ ಮನೆಯಲ್ಲಿ ಒಂದು ನಿಯಮವಾಯಿತು. ಮೊದಲು ಇಡೀ ಟೇಪನ್ನು, ನಡುಗುವುದು, ಕತ್ತಲು, ದೆಹಲಿ ಸಮೇತ, ಒಂದು ಚೂರೂ ಕತ್ತರಿಸದೆ ಇಳಿಸಿಡುವುದು. ಡಿವಿ ಕ್ರಮದಲ್ಲಿ ಇಟ್ಟರೆ ಗಂಟೆಗೆ ಸುಮಾರು 13 ಜಿಬಿ ಹಿಡಿಯುತ್ತದೆ, ಹಿಡಿಯಲಿ. ಒಂದು ಪ್ರತಿ ನಮ್ಮಲ್ಲಿ, ಒಂದು ಮಗಳ ಹತ್ತಿರ, ಒಂದು ಚಿಕ್ಕಪ್ಪನ ಮನೆಯಲ್ಲಿ, ಪ್ರಾಯಶ್ಚಿತ್ತಕ್ಕೆ. ಕತ್ತರಿ ಏನಿದ್ದರೂ ಆಮೇಲೆ, ಅದೂ ಪ್ರತಿಯ ಮೇಲೆ. ಇವತ್ತು 'ಏನೂ ಇಲ್ಲ' ಎನಿಸಿದ್ದು ಮೂವತ್ತು ವರ್ಷದ ಮೇಲೆ ಏನಾಗುತ್ತದೋ ಯಾರು ಬಲ್ಲರು?

ಚಿತ್ರ ಸಿಕ್ಕಿತು, ದನಿ ಸಿಕ್ಕಿತು, ಹೆಸರು ಸಿಗಲಿಲ್ಲ. ಕಚ್ಚಾ ಟೇಪಿನಲ್ಲಿ ಒಬ್ಬ ಆಳು ಹೆಗಲ ಮೇಲೆ ನೀರಿನ ಕೊಡ ಹೊತ್ತು ಹಾಯುತ್ತಾನೆ. ಎಣಿಸಿದೆ, ಹನ್ನೊಂದು ಸಲ. ನನಗೆ ಗೊತ್ತಿಲ್ಲ, ಹೆಂಡತಿಗೆ ಗೊತ್ತಿಲ್ಲ. ಎಂಬತ್ತು ದಾಟಿದ ದೊಡ್ಡಮ್ಮನನ್ನು ಕರೆತಂದು ಕೂರಿಸಿದೆವು. ಕಣ್ಣಿಗೆ ಪೊರೆ, ಆದರೂ ಅವನ ನಡಿಗೆ ನೋಡಿಯೇ ಹೇಳಿದಳು. "ಅವ್ನೇ ಅಲ್ವೇನೋ, ಮೂರು ದಿವ್ಸ ಕೆರೆಯಿಂದ ನೀರು ಹೊತ್ತೋನು. ದುಡ್ ಕೊಟ್ರೆ, ನಮ್ಮನೆ ಮದ್ವೆ ಅಂತ ಈಸ್ಕೊಳ್ಲಿಲ್ಲ." ಹೆಸರು, ತಂದೆಯ ಹೆಸರು, ಊರು, ಎಲ್ಲ ಹೇಳಿದಳು. ಮಗಳು ಬರೆದುಕೊಂಡಳು. ಲೈಟು ಬಿದ್ದ ಗಣ್ಯರ ಹೆಸರು ಎಲ್ಲರಿಗೂ ಗೊತ್ತಿತ್ತು. ಲೈಟಿನ ಅಂಚಿನಲ್ಲಿ ಹಾದುಹೋದವರ ಹೆಸರು ದೊಡ್ಡಮ್ಮನೊಬ್ಬಳಲ್ಲಿ ಉಳಿದಿತ್ತು. ಮೂರು ಮಧ್ಯಾಹ್ನ ಕೂತು ಅರವತ್ತನಾಲ್ಕು ಹೆಸರು ಬರೆದೆವು.

ಈ ಬುದ್ಧಿ ನಮ್ಮ ಸೀಮೆಯ ಶಿಲ್ಪಿಗಳಿಗೆ ಒಂಬತ್ತು ನೂರು ವರ್ಷದ ಹಿಂದೆಯೇ ಇತ್ತು. ಹೊಯ್ಸಳರ ಶಿಲ್ಪಿಗಳು ಮೂರ್ತಿಯ ಕೆಳಗೆ ತಮ್ಮ ಹೆಸರು ಕೆತ್ತುತ್ತಿದ್ದರು. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ ಇದ್ದಾನೆ, ಅವನ ಮಗ ಚಾವಣ ಇದ್ದಾನೆ. ಐತಿಹ್ಯದ ಶಿಲ್ಪಿ ಜಕಣಾಚಾರಿಯ ಮೇಲೆ 1964ರಲ್ಲೇ ಬಣ್ಣದ ಸಿನಿಮಾ ಬಂತು, ದಾಸೋಜನ ಮೇಲೆ ಬರಲಿಲ್ಲ. ಆದರೆ ದಾಸೋಜ ಇದ್ದನೋ ಇಲ್ಲವೋ ಎಂದು ಯಾರೂ ಜಗಳ ಆಡುವುದಿಲ್ಲ. ಬರೆದಿಟ್ಟಿದ್ದಾನೆ.

ನಮ್ಮ ದೇವಸ್ಥಾನವನ್ನು ಯುನೆಸ್ಕೊ 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಸೋಮನಾಥಪುರಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಊರಿನಲ್ಲಿ ಸಿಹಿ ಹಂಚಿದೆವು. ಅದೇ ಯುನೆಸ್ಕೊ ಧ್ವನಿ ಮತ್ತು ದೃಶ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದೊಡನೆ ಸೇರಿ 2019ರಲ್ಲಿ ಇನ್ನೊಂದು ಕೆಲಸ ಕೈಗೆತ್ತಿಕೊಂಡಿತ್ತು. ಮ್ಯಾಗ್ನೆಟಿಕ್ ಟೇಪಿನಲ್ಲಿರುವುದನ್ನು 2025ರ ಸುಮಾರಿಗೆ ಇಳಿಸಿಕೊಳ್ಳದಿದ್ದರೆ ಆಮೇಲೆ ಓದುವ ಮೆಷಿನ್ನೇ ಸಿಗುವುದು ಕಷ್ಟ ಎಂದು ಲೋಕಕ್ಕೆಲ್ಲ ಎಚ್ಚರಿಕೆ ಕೊಡುವ ಕೆಲಸ. ಅದಕ್ಕೆ ಯಾರೂ ಸಿಹಿ ಹಂಚಲಿಲ್ಲ. ಆ ಗಡುವೂ ದಾಟಿತು. ಅರಸೀಕೆರೆಯ ಮೆಷಿನ್ನು ಇನ್ನೂ ಓಡುತ್ತಿದೆ, ಬೆಲ್ಟು ಇರುವವರೆಗೆ.

ನಿಮ್ಮ ಅಟ್ಟದ ಮೇಲೂ ಒಂದು ಟ್ರಂಕು ಇದ್ದೀತು. ಇಳಿಸಿ. ಕ್ಯಾಸೆಟ್ಟಿನ ಬೆನ್ನಿನ ಕಿವಿ ಮುರಿಯದಿದ್ದರೆ ಮೊದಲು ಅದನ್ನು ಮುರಿದುಹಾಕಿ, ಒಂದು ಚೀಟಿ ಅಂಟಿಸಿ. ಮೆಷಿನ್ ಹುಡುಕುವುದು ಆಮೇಲೆ ಆದೀತು. ಅದಕ್ಕಿಂತ ಮುಂಚೆ ನಿಮ್ಮ ದೊಡ್ಡಮ್ಮ ಎಲ್ಲಿದ್ದಾಳೆ ನೋಡಿ, ಒಂದು ನೋಟ್‌ಬುಕ್ಕು ಹಿಡಿದು ಹೋಗಿ ಕೂತುಕೊಳ್ಳಿ. ಹಬ್ಬ ಬರಲಿ ಎಂದು ಕಾಯಬೇಡಿ.